ಮಾವೋರಿ ಓದಿ ಮಾರಿಯಾದೆ

ಬೇರೆಯವರ ಎದೆ ವರ್ಷಕ್ಕೊಂದು ಸಲ ಧಸಕ್ ಅಂದರೆ ನನ್ನದು ವಾರಕ್ಕೊಂದು ಸಲ ಅನ್ನುತ್ತೆ. ಡಾಕ್ಟರಿಗೆ ತೋರಿಸಿಕೊಂಡು ಬಂದೆ. "ಹೃದಯ ಗಟ್ಟಿಯಾಗಿದೆ, ನೀವು ಮಾಡೋ ಕೆಲಸ ಏನು?" ಅಂದರು. ಹೇಳಿದೆ. "ಹಾಗಾದ್ರೆ ಇದು ಇದ್ದಿದ್ದೇ" ಅಂತ ಕಳಿಸಿಬಿಟ್ಟರು.

ನನ್ನ ಕೆಲಸ ಪುರಾತತ್ವ. ನೆಲ ಅಗೆದು, ಹಿಂದಿನವರು ಬಿಟ್ಟುಹೋದ ಚೂರುಪಾರು ಹುಡುಕಿ, ಅವರು ಹೇಗೆ ಬದುಕಿದ್ದರು ಅಂತ ಹೇಳೋ ಕಸುಬು. ಓದಿದ್ದು ನ್ಯೂಜಿಲೆಂಡಿನ ಮಾವೋರಿ ಜನರ ಬಗ್ಗೆ. ಅವರ ಹಿರೀಕರು ದೋಣಿ ಹತ್ತಿ ಸಮುದ್ರ ದಾಟಿ ಬಂದವರು. ಅಲ್ಲಿನ ಉತ್ತರದ ಒಂದು ಕೊಲ್ಲಿಯ ಸುತ್ತ ಅವರು ಹೇಗೆ ಊರು ಕಟ್ಟಿಕೊಂಡರು, ಬರಬರುತ್ತಾ ಅವರ ಊಟ, ಮನೆ, ಬೇಸಾಯ ಹೇಗೆ ಬದಲಾಯಿತು ಅನ್ನೋದು ನನ್ನ ಪಿಎಚ್‌ಡಿ. ಎರಡು ವರ್ಷ ಅಲ್ಲೇ ಇದ್ದು ಮಣ್ಣು ಅಗೆದೆ. ಮನುಷ್ಯರ ಮೂಳೆ ಸಿಕ್ಕಿದಾಗಲೂ ಬೆಚ್ಚಲಿಲ್ಲ. ವಾಪಸ್ ಬಂದು ಬೆಂಗಳೂರಿನ ವಿಜಯನಗರದ ಮನೆ ಸೇರಿ, ಕಾಲೇಜಿನಲ್ಲಿ ಪಾಠ ಶುರು ಮಾಡಿದ ಮೇಲೇ ನೋಡಿ, ಬೆಚ್ಚೋದು ದಿನಚರಿ ಆಗಿದ್ದು.

ಆ ಡಾಕ್ಟರ್ ಅಲ್ಲ

ವಾಪಸ್ ಬಂದ ಮೊದಲನೇ ತಿಂಗಳು. ನನ್ನ ಗಂಡ ಅಭಿಮಾನದಿಂದ ಗೇಟಿಗೆ ಒಂದು ಬೋರ್ಡು ಹಾಕಿಸಿದ್ದರು. ನನ್ನ ಹೆಸರಿಗಿಂತ ಅದರ ಹಿಂದಿನ 'ಡಾ.' ದೊಡ್ಡದಾಗಿತ್ತು. ನಮ್ಮ ಅತ್ತೆ ದಾವಣಗೆರೆ ಕಡೆಯವರು, ವಿಭೂತಿ ಇಡದೆ ಕಾಫಿ ಮುಟ್ಟದವರು. ಸೊಸೆ ಏನು ಓದಿದಾಳೆ ಅಂತ ಇಡೀ ರಸ್ತೆಗೆ ಹೇಳಿಕೊಂಡು ಬಂದರು. 'ಮಾವೋರಿ' ಅಂತಲೇ ಹೇಳುತ್ತಿದ್ದರು, ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಪದ ಮೂರನೇ ಮನೆ ಮುಟ್ಟೋ ಹೊತ್ತಿಗೆ 'ಮಾರಿ' ಆಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಬೆಲ್ಲು. ಹಿಂದಿನ ರಸ್ತೆಯ ಆಂಟಿ, ಕೈಯಲ್ಲಿ ಒಂದು ಕಟ್ಟು ಬೇವಿನ ಸೊಪ್ಪು.

"ಮೊಮ್ಮಗಳಿಗೆ ಅಮ್ಮ ಆಗಿದೆ ಕಣಮ್ಮ. ಮೈತುಂಬಾ ಗುಳ್ಳೆ. ಏನು ಮಾಡ್ಬೇಕು ಹೇಳಿ."

"ನನ್ನ ಕೇಳ್ತೀರಲ್ಲ ಆಂಟಿ? ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ."

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. "ನೀವು ಡಾಕ್ಟರ್ ಅಲ್ವಾ?"

"ನಾನು ಆ ಡಾಕ್ಟರ್ ಅಲ್ಲ."

"ಮತ್ತೆ ಯಾವುದರಲ್ಲಿ ಡಾಕ್ಟರ್?"

"ಮಾವೋರಿ..."

"ಅದನ್ನೇ ಅಲ್ವಾ ನಾನು ಹೇಳ್ತಿರೋದು! ಮಾರಿ ವಿಷಯದಲ್ಲೇ ಡಾಕ್ಟರ್ ಮಾಡಿರೋರು ಇನ್ನೆಲ್ಲಿ ಸಿಗ್ತಾರೆ?"

ಮಾತಿನಲ್ಲಿ ಹೇಳಿದರೆ ಆಗದು ಅಂತ ಒಳಗೆ ಕರೆದು ಲ್ಯಾಪ್‌ಟಾಪ್ ತೆರೆದೆ. ಇವರು ಬೇರೆ ದೇಶದ ಜನ ಅಂತ ತೋರಿಸೋಣ ಅಂದರೆ ಮೊದಲು ಬಂದಿದ್ದೇ ಅವರ ಸಭಾಮನೆಯ ಕಂಬದ ಫೋಟೋ. ಕೆಂಪು ಬಣ್ಣದ ಮರದ ಕೆತ್ತನೆ, ಇಷ್ಟಗಲ ಹೊಳೆಯೋ ಕಣ್ಣು, ಗದ್ದದ ತನಕ ಚಾಚಿದ ನಾಲಿಗೆ. ಆಂಟಿ ಚಪ್ಪಲಿ ಆಚೆ ಬಿಟ್ಟು ಬಂದಿದ್ದರೂ ಇನ್ನೊಂದು ಸಲ ಕಾಲು ಒರೆಸಿಕೊಂಡರು. ಕೆನ್ನೆ ಕೆನ್ನೆ ಬಡಿದುಕೊಂಡು, "ಸಾಕ್ಷಾತ್ ಅವಳೇ!" ಅಂದರು.

ಕೊನೆಗೆ ನಾನೇ ಆಟೋ ಕರೆದು, ಮಗುವನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹತ್ತು ದಿನಕ್ಕೆ ವಾಸಿಯಾಯಿತು. ಆಂಟಿ ತಂಬಿಟ್ಟು ಹಿಡಿದುಕೊಂಡು ಬಂದರು. "ಆ ಫೋಟೋದ್ದು ಒಂದು ಪ್ರಿಂಟ್ ಕೊಡಿ, ದೇವರ ಮನೇಲಿ ಇಡ್ತೀನಿ."

"ಆಂಟಿ, ಅದು ದೇವರಲ್ಲ. ಆ ಜನರ ಹಿರಿಯರು. ಸತ್ತುಹೋದ ಅಜ್ಜಂದಿರ ನೆನಪಿಗೆ ಕೆತ್ತಿರೋದು."

ಅವರು ತಂಬಿಟ್ಟು ನನ್ನ ಕೈಗಿಟ್ಟರು.

"ಹಿರಿಯರಾ? ಹಾಗಾದ್ರೆ ಪಿತೃಪಕ್ಷಕ್ಕೂ ಆಗುತ್ತೆ. ಎರಡು ಪ್ರಿಂಟ್ ಕೊಡಿ."

ತಿಪ್ಪೆ ಓದುವವರು

ಪುರಾತತ್ವ ಅಂದರೆ ಅರಮನೆ, ಚಿನ್ನದ ಕೊಪ್ಪರಿಗೆ ಅಂತ ನಮ್ಮ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ನಾನು ನ್ಯೂಜಿಲೆಂಡಿನಲ್ಲಿ ಹೆಚ್ಚು ಅಗೆದಿದ್ದು ತಿಪ್ಪೆ. ತಿಂದು ಎಸೆದ ಕಪ್ಪೆಚಿಪ್ಪು, ಮೀನಿನ ಮುಳ್ಳು, ಹಕ್ಕಿ ಮೂಳೆ. ಕೆಳಗಿನ ಪದರದಲ್ಲಿ ದೊಡ್ಡ ದೊಡ್ಡ ಹಕ್ಕಿಗಳ ಮೂಳೆ. ಮೇಲೆ ಬಂದ ಹಾಗೆ ಆ ಮೂಳೆ ಇಲ್ಲವಾಗಿ ಬರೀ ಚಿಪ್ಪು. ಅಂದರೆ ಹಕ್ಕಿ ಮುಗಿದುಹೋಯಿತು, ಜನ ಬೇರೆ ಊಟ ಹುಡುಕಿಕೊಂಡರು. ಒಂದು ಸಮಾಜದ ಬದಲಾವಣೆ ಪೂರ್ತಿ ತಿಪ್ಪೆಯಲ್ಲೇ ಇರುತ್ತದೆ.

ಇದನ್ನು ಕಲಿಸೋಣ ಅಂತ ಒಂದು ಬೆಳಿಗ್ಗೆ ಮೂರು ಜನ ವಿದ್ಯಾರ್ಥಿನಿಯರನ್ನು ನಮ್ಮ ರಸ್ತೆಗೇ ಕರೆಸಿದೆ. ಗ್ಲೌಸು ಹಾಕಿಕೊಂಡು ಪ್ರತಿ ಮನೆಯ ಕಸದ ಬಕೆಟ್ ಮುಂದೆ ಕೂತು ಪಟ್ಟಿ ಮಾಡತೊಡಗಿದರು. ಅಷ್ಟರಲ್ಲಿ ಕಸದ ಗಾಡಿ ಬಂತು. ಜೊತೆಗೆ ನಮ್ಮ ರಸ್ತೆಯ ಪೌರಕಾರ್ಮಿಕ ಹೆಂಗಸು, ಹಸಿರು ಕೋಟು, ಸೊಂಟದ ಮೇಲೆ ಕೈ.

"ಏನಮ್ಮಾ, ಏನ್ ಹುಡುಕ್ತಾ ಇದೀರ? ಓಲೆ ಕಳ್ಕೊಂಡ್ರಾ?"

"ಇಲ್ಲ, ಪಾಠ. ಕಸ ನೋಡಿ ಆ ಮನೆಯವರು ಹೇಗೆ ಬದುಕ್ತಾರೆ ಅಂತ ಹೇಳೋದು."

"ಅದಕ್ಕೆ ಕಾಲೇಜಿಗೆ ಹೋಗ್ಬೇಕಾ?" ಅಂತ ನಕ್ಕು, ಅವರು ಕೈ ತೋರಿಸುತ್ತಾ ಹೊರಟರು. "ಈ ಮನೆಗೆ ನೆಂಟರು ಬಂದವ್ರೆ, ಬಾಳೆ ಎಲೆ ನೋಡಿ. ಆ ಮನೇಲಿ ಗಂಡ ಹೆಂಡ್ತಿ ಮಾತು ಬಿಟ್ಟು ನಾಲ್ಕು ದಿನ ಆಯ್ತು, ಇಬ್ಬರೂ ಬೇರೆ ಬೇರೆ ಪಾರ್ಸಲ್ ತರಿಸ್ಕೊಳ್ತಾವ್ರೆ. ಮೊದಲೆಲ್ಲ ಈ ರೋಡಲ್ಲಿ ಸೊಪ್ಪಿನ ದಂಟು, ಅವರೆಕಾಯಿ ಸಿಪ್ಪೆ ಎತ್ತೋಕೆ ಆಗ್ತಿರಲಿಲ್ಲ. ಈಗ ನೋಡಿ, ಬರೀ ಪ್ಲಾಸ್ಟಿಕ್ ಡಬ್ಬಿ."

ಕೆಳಗಿನ ಪದರ, ಮೇಲಿನ ಪದರ! ಎರಡು ವರ್ಷ ಜರಡಿ ಹಿಡಿದು ನಾನು ಕಲಿತಿದ್ದನ್ನು ಅವರು ನಡೆಯುತ್ತಾ ಹೇಳಿಬಿಟ್ಟರು. ಹುಡುಗಿಯರು ನನ್ನನ್ನು ಬಿಟ್ಟು ಅವರ ಹಿಂದೆ ಬರೆದುಕೊಳ್ಳುತ್ತಾ ಹೊರಟರು. ನನಗೂ ಖುಷಿ. ಖುಷಿಯಲ್ಲಿ ಕೇಳಬಾರದ್ದು ಕೇಳಿದೆ. "ನಮ್ಮನೇದು ಹೇಳಿ ನೋಡೋಣ."

ಅವರು ಒಮ್ಮೆ ನಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮನೇಲಿ ಯಾರೋ ಕದ್ದು ಮೊಟ್ಟೆ ತಿಂತಾರೆ."

ನನ್ನ ಕಾಲ ಕೆಳಗಿನ ಕಾಂಕ್ರೀಟು ಅಲ್ಲಾಡಿತು. ನಮ್ಮದು ಲಿಂಗಾಯತರ ಮನೆ. ಅತ್ತೆ ಮೊಟ್ಟೆ ಹಾಕಿದ ಕೇಕಿನ ಅಂಗಡಿ ಮುಂದೆ ನಡೆಯುವಾಗಲೂ ಸೆರಗು ಮೂಗಿಗೆ ಹಿಡಿಯುವವರು.

"ಇಲ್ಲ, ಸಾಧ್ಯವೇ ಇಲ್ಲ. ನಮ್ಮ ಬಕೆಟ್‌ನಲ್ಲಿ ಸಿಪ್ಪೆ ಎಲ್ಲಿದೆ?"

"ನಿಮ್ಮ ಬಕೆಟ್‌ಗೆ ಯಾಕೆ ಹಾಕ್ತಾರೆ? ನಿಮ್ಮನೆ ಪೇಪರ್‌ನಲ್ಲೇ ಸುತ್ತಿ ಪಕ್ಕದ ಮನೆ ಬಕೆಟ್‌ಗೆ ಹಾಕ್ತಾರೆ. ಈ ರೋಡಲ್ಲಿ ಪದಬಂಧ ತುಂಬಿರೋ ಪೇಪರ್ ನಿಮ್ಮನೇದೊಂದೇ."

ಪದಬಂಧ ತುಂಬುವವರು ನಮ್ಮ ಮನೆಯಲ್ಲಿ ಒಬ್ಬರೇ, ನನ್ನ ಗಂಡ. ಅವರು ಅದೇ ಹೊತ್ತಿಗೆ ಸ್ಕೂಟರ್ ತಳ್ಳಿಕೊಂಡು ಗೇಟಿಗೆ ಬಂದರು. ನಮ್ಮೆಲ್ಲರ ಮುಖ ನೋಡಿ ಅಲ್ಲೇ ನಿಂತರು. ಪೌರಕಾರ್ಮಿಕ ಹೆಂಗಸಿಗೆ ಪಾಪ ಅನ್ನಿಸಿತೇನೋ. ಸಮಾಧಾನ ಮಾಡುವ ಹಾಗೆ ನನ್ನ ಭುಜ ತಟ್ಟಿ ಹೇಳಿದರು:

"ಬಯ್ಯಬೇಡಿ ಬಿಡಿ ಅಮ್ಮ. ಸೋಮವಾರ ಮಾತ್ರ ಒಂದೂ ಸಿಪ್ಪೆ ಇರಲ್ಲ. ಶಿವಭಕ್ತರೇ."

ಒಗೆಯುವ ಕಲ್ಲು

ಕೆಂಗೇರಿಯಾಚೆ ಲೇಔಟುಗಳ ನಡುವೆ ಸಿಕ್ಕಿಕೊಂಡಿರುವ ಒಂದು ಹಳೇ ಊರು. ಪಕ್ಕದ ಗುಡ್ಡ ನೋಡೋಕೆ ಅಂತ ಹೋಗಿದ್ದೆ. ಬಾಯಾರಿ ಒಂದು ಮನೆ ಮುಂದೆ ನಿಂತು ನೀರು ಕೇಳಿದೆ. ನಲ್ಲಿ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸು ಎದ್ದು ಹೋಗಿ ತಂಬಿಗೆ ತಂದುಕೊಟ್ಟರು. ಕುಡಿಯುತ್ತಾ ಕೆಳಗೆ ನೋಡಿದರೆ, ಒಗೆಯುವ ಕಲ್ಲಿನ ಅಂಚಿನಲ್ಲಿ ಒಂದು ಪುಟ್ಟ ಪಾದ!

ನೀರು ನೆತ್ತಿಗೇರಿತು. ಅಕ್ಕಪಕ್ಕದವರನ್ನು ಕರೆದು ಕಲ್ಲು ಮಗುಚಿಸಿದೆ. ವೀರಗಲ್ಲು. ಬಿಲ್ಲು ಹಿಡಿದ ವೀರ, ಕಾಲ ಬಳಿ ಹಸುಗಳು, ಮೇಲೆ ಮೂರು ಸಾಲು ಹಳಗನ್ನಡ ಅಕ್ಷರ. ಹಸು ಕಾಪಾಡಲು ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಅಕ್ಷರದ ಒಳಗೆಲ್ಲ ಮಣ್ಣು ಮೆತ್ತಿಕೊಂಡಿತ್ತು, ಓದಲು ಬರಲಿಲ್ಲ.

"ಅಕ್ಕಾ, ಇದು ಎಷ್ಟು ಹಳೇದು ಗೊತ್ತಾ?"

"ಗೊತ್ತು. ನಮ್ಮತ್ತೆನೂ ಇದರ ಮೇಲೇ ಒಗೀತಿದ್ರು."

"ಮುಂದಿನ ಭಾನುವಾರ ಕಾಗದ ತಂದು ಅಕ್ಷರದ ಅಚ್ಚು ತಗೊಳ್ತೀನಿ. ಅಲ್ಲಿ ತನಕ ದಯವಿಟ್ಟು ಇದರ ಮೇಲೆ ಒಗೀಬೇಡಿ. ಇವನು ನಿಮ್ಮೂರು ಕಾಪಾಡೋಕೆ ಪ್ರಾಣ ಕೊಟ್ಟೋನು."

ಆ ಕೊನೆಯ ವಾಕ್ಯ ನಾನು ಹೇಳಬಾರದಿತ್ತು.

ಭಾನುವಾರ ಹೋದರೆ ದಾರಿ ತಪ್ಪಿದೆನೇನೋ ಅನ್ನಿಸಿತು. ಶಾಮಿಯಾನ, ಮೈಕು, ಪುಳಿಯೋಗರೆ ಘಮ. ವೀರ ಎದ್ದು ನಿಂತಿದ್ದ. ಮೈಗೆಲ್ಲ ಆಯಿಲ್ ಪೇಂಟು. ಗುಲಾಬಿ ಕೆನ್ನೆ, ಹುರಿ ಮೀಸೆ, ಬೆಳ್ಳಿ ಕಣ್ಣು. ಹಸುಗಳಿಗೆ ಏನೂ ತೋಚದೆ ಹಸಿರು ಬಳಿದಿದ್ದರು. ನನ್ನ ಮೂರು ಸಾಲು ಅಕ್ಷರ? ಅಲ್ಲಿ ಸಿಮೆಂಟು ಮೆತ್ತಿ, ಅದರ ಮೇಲೆ ದಪ್ಪಗೆ 'ಪ್ರಸನ್ನ' ಅಂತ ಬರೆದಿದ್ದರು. ನೂರಾರು ವರ್ಷ ಸೋಪಿನ ನೀರು, ಬಿಸಿಲು, ಮಳೆ ಎಲ್ಲ ತಾಳಿಕೊಂಡಿದ್ದು ನನ್ನ ಒಂದು ವಾಕ್ಯಕ್ಕೆ ಮುಚ್ಚಿಹೋಗಿತ್ತು. ಅಳು ಬಂತು. ಭಕ್ತಿ ಉಕ್ಕಿದೆ ಅಂತ ತಿಳಿದು ಯಾರೋ, "ಇವರೇ ಸ್ವಾಮಿ ಕಂಡುಹಿಡಿದಿದ್ದು!" ಅಂತ ಕೂಗಿ ನನಗೊಂದು ಹಾರ ಹಾಕಿದರು.

ಜನರ ನಡುವಿಂದ ಆ ಹೆಂಗಸು ಬಂದರು. ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು.

"ನೀರು ಕೇಳಿದ್ರಿ, ಕೊಟ್ಟೆ. ಕಲ್ಲು ತಗೊಂಡ್ರಿ. ಹೋಗ್ಲಿ ಬಿಡಿ, ದೇವರು. ಹಿಂದಿನ ಬೀದೀಲಿ ಇನ್ನೊಂದು ಕಲ್ಲು ನೋಡಿಟ್ಕೊಂಡಿದೀನಿ. ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಮಾತ್ರ ಮಗುಚಿ ನೋಡ್ಬೇಡಿ."

ಎರಡು ಕುರಿ

ನ್ಯೂಜಿಲೆಂಡಿನಲ್ಲಿ ನನಗೆ ಅಗೆಯೋದು ಹೇಳಿಕೊಟ್ಟವರು ಮಾವೋರಿ ಹೆಂಗಸು. ಎತ್ತರದ ಆಳು, ಗದ್ದದ ಮೇಲೆ ಹಚ್ಚೆ, ದೊಡ್ಡ ನಗು. ಒಂದು ವಿಚಾರ ಸಂಕಿರಣಕ್ಕೆ ಬೆಂಗಳೂರಿಗೆ ಬಂದವರು ಐದು ದಿನ ನಮ್ಮನೆಯಲ್ಲೇ ಉಳಿದರು.

ಬಾಗಿಲಲ್ಲಿ ಅತ್ತೆ ಕೈ ಮುಗಿದರು. ಅವರು ತಮ್ಮ ಪದ್ಧತಿಯಂತೆ ಬಗ್ಗಿ ಅತ್ತೆಯ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಉಸಿರೆಳೆದರು. ಅತ್ತೆ ಕಂಬದ ಹಾಗೆ ನಿಂತರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಕೇಳಿದರು: "ಜ್ವರ ಐತೇನು ಅಂತ ನೋಡಿದರೇನವ್ವಾ?"

ರೊಟ್ಟಿ, ಎಣಗಾಯಿ ಪಲ್ಯ ಬಡಿಸುತ್ತಾ ಅತ್ತೆ ವಿಚಾರಿಸಿದರು. "ನಿಮ್ಮ ಹಿರೀಕರು ದೋಣ್ಯಾಗ ಬಂದಾಗ ಏನು ತಂದಿದ್ರಂತೆ ಕೇಳು." ಕೇಳಿದೆ. ಅವರು ಇಂಗ್ಲಿಷಿನಲ್ಲೇ ಹೇಳುತ್ತಾ ಪ್ರಾಣಿಯ ಹೆಸರು ಮಾತ್ರ ತಮ್ಮ ಭಾಷೆಯಲ್ಲಿ ಹೇಳಿದರು: "ಕುರೀ."

ನಾನು ಅನುವಾದ ಮಾಡುವ ಮೊದಲೇ ಅತ್ತೆಯ ಮುಖ ಅರಳಿತು. "ಕುರಿ! ನಮ್ಮ ಮಾತೇ ಐತಲ್ಲೇ ಅವರದ್ದೂ! ತಿಂತಿದ್ರಂತೇನು?"

"ಹೂಂ, ಆ ಕಾಲದಲ್ಲಿ ತಿಂತಿದ್ರಂತೆ. ಅದರ ಚರ್ಮದಲ್ಲಿ ಹೊದಿಕೆ ಮಾಡ್ಕೊಳ್ತಿದ್ರಂತೆ."

"ಇರಲಿ ಬಿಡು. ನಾವು ತಿನ್ನಲ್ಲ ಅಂದ್ರೆ ಲೋಕ ತಿನ್ನಬಾರದೇನು?" ಅಂದವರೇ ಒಳಗೆ ಹೋಗಿ ತವರಿನ ಕರಿ ಕಂಬಳಿ ತಂದು ಅತಿಥಿಯ ತೊಡೆ ಮೇಲೆ ಹಾಸಿದರು. "ಕುರಿ! ಕುರಿ!"

ಅವರು ಕಂಬಳಿ ಸವರಿ ಸವರಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. "ನೀವೂನಾ? ಕುರೀ ಕೂದಲಲ್ಲಿ ಇಷ್ಟು ಚೆನ್ನಾಗಿ ನೇಯ್ತೀರಾ? ನಮ್ಮಲ್ಲಿ ಆ ವಿದ್ಯೆ ಹೋಗೇಬಿಡ್ತು."

ಮಾವೋರಿಯಲ್ಲಿ 'ಕುರೀ' ಅಂದರೆ ನಾಯಿ. ಆದರೆ ಇಬ್ಬರೂ ಕೈ ಕೈ ಹಿಡಿದುಕೊಂಡು ಕೂತಿದ್ದರು. ಎರಡು ದೇಶದ ಹೆಂಗಸರು ಒಂದು ಪದದ ಮೇಲೆ ಸ್ನೇಹ ಬೆಳೆಸುತ್ತಿರುವಾಗ ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಾದೆ.

ಸಂಜೆ ಮೂವರೂ ವಾಕಿಂಗ್ ಹೊರಟೆವು. ಅತ್ತೆ ದಿನಾ ಅನ್ನ ಹಾಕುವ ಬೀದಿ ನಾಯಿ ಬಾಲ ಅಲ್ಲಾಡಿಸುತ್ತಾ ಓಡಿ ಬಂತು. ಅತಿಥಿ ಮಂಡಿಯೂರಿ ಅದರ ತಲೆ ಸವರಿದರು. "ಓ, ಎಂಥ ಚಂದದ ಕುರೀ!"

ಅತ್ತೆ ನಿಂತರು. ನಾಯಿ ನೋಡಿದರು. ನನ್ನನ್ನು ನೋಡಿದರು. "ಇದಕ್ಯಾಕೆ ಕುರಿ ಅಂತಾರೆ?"

ಹೇಳಲೇಬೇಕಾಯಿತು. ಎರಡು ಭಾಷೆಯಲ್ಲೂ ಹೇಳಿದೆ. ಮೊದಲು ಅತ್ತೆಯ ಬಾಯಿ ತೆರೆಯಿತು, ಆಮೇಲೆ ಅತಿಥಿಯದು.

"ಹಂಗಾರೆ ಆ ಕಂಬಳಿ ಮುಟ್ಟಿ ಏನಂದ್ಕೊಂಡ್ರು?"

"ನಾಯಿ ಕೂದಲದ್ದು ಅಂತ."

"ಶಿವನೇ! ನನ್ನ ತವರಿನ ಕಂಬಳಿ!"

ನೂರಾರು ವರ್ಷದ ಹಿಂದಿನ ಮಾತು, ಈಗ ಅವರಲ್ಲೂ ನಾಯಿ ಅಂದರೆ ಮನೆ ಮಗು ಇದ್ದ ಹಾಗೆ ಅಂತ ಎಷ್ಟು ಹೇಳಿದರೂ ಅತ್ತೆಗೆ ಧೈರ್ಯ ಬರಲಿಲ್ಲ. ಆ ಸಂಜೆಯೇ, ನನ್ನ ಕಣ್ಣೆದುರೇ ಇರಲಿ ಅಂತ, ನಾಯಿಯನ್ನು ಕಾಂಪೌಂಡಿನ ಒಳಗೆ ತಂದು ಗೇಟಿಗೆ ಚಿಲಕ ಹಾಕಿದರು. ಅತಿಥಿ ಹೊರಡುವ ತನಕ ಅದಕ್ಕೆ ಹೊತ್ತು ಹೊತ್ತಿಗೆ ಹಾಲು, ಅನ್ನ, ತುಪ್ಪ. ಉಪಚಾರದಲ್ಲಿ ಒಂದು ಸುತ್ತು ದಪ್ಪ ಆಯಿತು.

ಹೊರಡುವ ದಿನ ಟ್ಯಾಕ್ಸಿ ಹತ್ತುವ ಮುಂಚೆ ಅತಿಥಿ ನಾಯಿಯನ್ನೇ ನೋಡಿ ತಲೆದೂಗಿದರು. ಕಣ್ಣಿನ ಅಂಚಿನಲ್ಲಿ ನಗು ಇತ್ತು, ಮುಖದಲ್ಲಿ ಮಾತ್ರ ಇಲ್ಲ.

"ನಿಮ್ಮ ಅತ್ತೆಗೆ ಹೇಳಿ, ಎಲ್ಲ ಸರಿಯಾಗಿ ಮಾಡ್ತಿದಾರೆ ಅಂತ. ನಮ್ಮ ಹಿರಿಯರೂ ಮೊದಲು ಹೀಗೇ ಚೆನ್ನಾಗಿ ಮೇಯಿಸ್ತಿದ್ರು."

ಮೈಕು ಸತ್ತ ಅರ್ಧ ನಿಮಿಷ

ಬಸವೇಶ್ವರನಗರದ ಒಂದು ಹಿರಿಯ ನಾಗರಿಕರ ಸಂಘದಲ್ಲಿ ತಿಂಗಳಿಗೊಂದು ಭಾಷಣ ಇರುತ್ತದೆ. ಮಂಡಿನೋವು, ಉಯಿಲು ಬರೆಯುವುದು ಹೇಗೆ, ಮತ್ತೆ ಮಂಡಿನೋವು. ಅತ್ತೆ ಆ ಸಂಘದ ಸದಸ್ಯೆ. ಹಟ ಹಿಡಿದು ನನ್ನ ಹೆಸರು ಸೇರಿಸಿದರು. "ನಮ್ಮ ಸೊಸೆ ಏನು ಓದಿದಾಳೆ ಅಂತ ಒಂದ್ಸಲ ಸರಿಯಾಗಿ ಕೇಳ್ರಿ" ಅಂತ ಮನೆಮನೆಗೆ ಫೋನು ಮಾಡಿ, ಅವತ್ತು ಇಳಕಲ್ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತರು. ಸಭಾಂಗಣ ತುಂಬಿತ್ತು. ಅವರ ಮುಖ ನೋಡಿ, ಇವತ್ತು ಇವರ ಮರ್ಯಾದೆ ನನ್ನ ಕೈಯಲ್ಲಿದೆ ಅನ್ನಿಸಿತು.

ಮಾವೋರಿಗಳ ಬದುಕು ಬದಲಾಗಿದ್ದು ಹೇಗೆ ಅನ್ನೋದೇ ವಿಷಯ. ಅದರಲ್ಲಿ ಮುಖ್ಯವಾದದ್ದು ಅವರ ಬೆಳೆ, ಸಿಹಿಗೆಣಸು. ಅವರ ಭಾಷೆಯಲ್ಲಿ ಅದಕ್ಕೆ 'ಕೂಮರ' ಅಂತಾರೆ. "ಈ ಕಥೆಯ ನಾಯಕನ ಹೆಸರು ಕೂಮರ" ಅಂತ ಶುರು ಮಾಡಿ, "ಕೂಮರ ಅಂದ್ರೆ ನಮ್ಮ ಸಿಹಿಗೆಣಸು" ಅಂತಲೂ ಸ್ಪಷ್ಟವಾಗಿ ಹೇಳಿದೆ. ಆದರೆ ಆ ಎರಡನೇ ವಾಕ್ಯಕ್ಕೆ ಮೈಕು ಕೈಕೊಟ್ಟಿತ್ತು. ಕಾರ್ಯದರ್ಶಿಗಳು ಓಡಿ ಬಂದು ವೈರು ಅಲ್ಲಾಡಿಸಿದರು. ಅರವತ್ತು ದಾಟಿದ ದುಂಡನೆಯ ಮನುಷ್ಯರು. ಮೈಕು ಬಂತು. ನಾನು ಮುಂದುವರಿಸಿದೆ.

"ಕೂಮರ ಅಂದ್ರೆ ಆ ಜನಕ್ಕೆ ಪ್ರಾಣ. ದೋಣೀಲಿ ಒದ್ದೆ ಆಗದ ಹಾಗೆ ಜೋಪಾನ ಮಾಡ್ಕೊಂಡು ತಂದ್ರು. ಆದರೆ ಹೊಸ ದೇಶದ ಚಳಿ ತಡ್ಕೊಳ್ಳೋ ಶಕ್ತಿ ಕೂಮರನಿಗೆ ಇರಲಿಲ್ಲ."

"ಅಯ್ಯೋ ಪಾಪ" ಅಂದರು ಮುಂದಿನ ಸಾಲಿನ ಒಬ್ಬ ಅಜ್ಜಿ. ಜನ ಇಷ್ಟು ತನ್ಮಯರಾಗಿ ಕೇಳುತ್ತಿದ್ದಾರಲ್ಲ ಅಂತ ನನಗೆ ಹುರುಪು ಬಂತು.

"ಅದಕ್ಕೆ ಏನು ಮಾಡಿದ್ರು? ಚಳಿಗಾಲ ಶುರುವಾಗೋ ಮುಂಚೆ ಗುಡ್ಡದ ಮೇಲೆ ಆಳವಾಗಿ ಗುಂಡಿ ತೋಡ್ತಿದ್ರು. ಕೂಮರನ್ನ ಒಳಗೆ ಮಲಗಿಸಿ ಮೇಲೆ ಮುಚ್ಚಿಬಿಡ್ತಿದ್ರು. ಅಂಥ ಗುಂಡಿ ನಾನೇ ಎಷ್ಟೋ ಅಗೆದು ನೋಡಿದೀನಿ."

ಸಭೆಯಲ್ಲಿ ಗುಸುಗುಸು. ಒಬ್ಬ ನಿವೃತ್ತ ಮೇಷ್ಟರು ಎದ್ದು ನಿಂತರು. "ಜೀವ ಇರುವಾಗಲೇನಮ್ಮಾ?"

ಎಂಥ ಒಳ್ಳೆ ಪ್ರಶ್ನೆ ಅಂದುಕೊಂಡೆ. ಗೆಡ್ಡೆ ಜೀವಂತವಾಗಿದ್ದರೆ ತಾನೇ ಕೆಡದೆ ಇರೋದು? "ಹೌದು ಸಾರ್, ಜೀವ ಇರಲೇಬೇಕು. ಸತ್ತರೆ ಕೊಳೆತು ಹೋಗುತ್ತೆ, ತಿನ್ನೋಕಾಗಲ್ಲ."

"ತಿನ್ನೋಕೆ!" ಇಡೀ ಸಭೆ ಒಂದೇ ಉಸಿರು ಎಳೆದುಕೊಂಡಿತು. ಮೇಷ್ಟರು ಕುಸಿದು ಕೂತರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಜನ ಬೆರಗಾಗಿದ್ದಾರೆ ಅಂತ ನಾನು ಇನ್ನಷ್ಟು ರಂಗೇರಿಸಿದೆ.

"ಹೇಗೆ ಬೇಯಿಸ್ತಿದ್ರು ಗೊತ್ತಾ? ಕಲ್ಲು ಕೆಂಪಗೆ ಕಾಯಿಸಿ, ಕೂಮರನ್ನ ಅದರ ಮೇಲಿಟ್ಟು, ಎಲೆ ಹೊದಿಸಿ, ಮೇಲೆ ಮಣ್ಣೆಳೀತಿದ್ರು. ಈಗಲೂ ಹಬ್ಬದಲ್ಲಿ ಹಾಗೇ ಮಾಡ್ತಾರೆ. ನಾನೂ ತಿಂದಿದೀನಿ. ಆಹಾ, ಸಕ್ಕರೆ ಹಾಗೆ ಸಿಹಿ!"

ಕುರ್ಚಿಗಳು ಜರುಗಿದವು. ಯಾರೋ "ಬಂದ್ ಮಾಡ್ರೀ ಇದನ್ನ" ಅಂದರು. ಮುಂದಿನ ಸಾಲಿನ ಅಜ್ಜಿ ಕೋಲು ಬಿಸಾಕಿ ಎದ್ದು, ಮೈಕಿನ ವೈರು ಹಿಡಿದು ನಿಂತಿದ್ದ ಕಾರ್ಯದರ್ಶಿಗಳ ತೋಳು ಗಟ್ಟಿಯಾಗಿ ಹಿಡಿದು ಎಳೆದರು. ಅವರು ಆ ಅಜ್ಜಿಯ ಮಗ ಅಂತ ನನಗೆ ಗೊತ್ತಾಗಿದ್ದೇ ಆಗ.

"ಕುಮಾರಾ! ನಡಿಯೋ ಮನೆಗೆ! ಒಂದು ಕ್ಷಣ ಇಲ್ಲಿರಬೇಡ!"

ಕುಮಾರ! ಇಪ್ಪತ್ತು ನಿಮಿಷದಿಂದ ಇವರೆಲ್ಲ ಏನು ಕೇಳಿಸಿಕೊಂಡಿದ್ದಾರೆ ಅನ್ನೋದು ಒಂದೊಂದೇ ವಾಕ್ಯವಾಗಿ ನೆನಪಾಗುತ್ತಾ ಹೋಯಿತು. ಒಂದೊಂದೇ ಚಿತ್ರ ಹಾರಿಸಿ, ಬುಟ್ಟಿ ತುಂಬ ಗೆಣಸು ಇರುವ ಫೋಟೋ ಪರದೆ ಮೇಲೆ ತಂದು ಕಿರುಚಿದೆ: "ಗೆಣಸು! ಗೆಣಸು ಕಣ್ರೀ! ಕೂಮರ ಅಂದ್ರೆ ಗೆಣಸು!"

ಮೇಷ್ಟರು ಮೊದಲು ನಕ್ಕರು, ಅವರ ಹಿಂದೆ ಇಡೀ ಸಭೆ. ಅತ್ತೆ ನಗುತ್ತಾ ಕಣ್ಣೊರೆಸಿಕೊಂಡರು. ಕಾರ್ಯದರ್ಶಿಗಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೆಳಗಿಳಿದು ಹೋಗಿ ಅಜ್ಜಿಯ ಕಾಲು ಮುಟ್ಟಿ ಕ್ಷಮೆ ಕೇಳಿದೆ.

"ಇರಲಿ ಬಿಡು ತಾಯಿ" ಅಂದರು ಅಜ್ಜಿ, ಮಗನ ತೋಳು ಇನ್ನೂ ಬಿಡದೆ. "ಹೂತಿದ್ದು, ಬೇಯಿಸಿದ್ದು ಎಲ್ಲ ಯಾವುದೋ ದೇಶದ ಕುಮಾರನ ಕಥೆ ಅಂತ ಸುಮ್ನೆ ಕೂತಿದ್ದೆ. 'ಸಕ್ಕರೆ ಹಾಗೆ ಸಿಹಿ' ಅಂದ್ಯಲ್ಲ, ಆಗ ನನ್ನ ಜೀವ ಹೋಯ್ತು ನೋಡು. ನಮ್ಮ ಕುಮಾರಂಗೆ ಶುಗರ್ ಇರೋದು ನನ್ನ ಬಿಟ್ರೆ ಮನೇಲಿ ಯಾರಿಗೂ ಗೊತ್ತಿಲ್ಲ, ಇವಳಿಗೆ ಹ್ಯಾಗ್ ಗೊತ್ತಾಯ್ತು ಅಂತ!"